ಫಲಕ ಒಬ್ಬರದು, ಯುದ್ಧ ಇನ್ನೊಬ್ಬರದು

(ಟಿ. ದಾಸರಹಳ್ಳಿಯ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದವರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇಟಿನ ಮೇಲಿರುವ ಹೆಸರು ಒಂದು, ಸಂಬಳದ ಚೀಟಿಯ ಮೇಲಿರುವ ಹೆಸರು ಇನ್ನೊಂದು. ಮಾಡುವ ಕೆಲಸ ಕಂಪನಿಯದು. ಕಾಗದದಲ್ಲಿ ಮಾತ್ರ ಕೆಲಸಗಾರ ಗುತ್ತಿಗೆದಾರನ ಕಡೆಯವನು. ಎಲ್ಲ ಸುಸೂತ್ರವಾಗಿ ನಡೆಯುವವರೆಗೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಯಂತ್ರಕ್ಕೆ ಕೈ ಸಿಕ್ಕಿದ ದಿನ ‘ಇವನ ಮಾಲೀಕ ಯಾರು?’ ಎಂಬ ಪ್ರಶ್ನೆ ಏಳುತ್ತದೆ.

ಗುತ್ತಿಗೆ ಪದ್ಧತಿಗೆ ಕಾನೂನಿದೆ, ಅದು ಎಲ್ಲರೆದುರು ನಡೆಯುವ ವ್ಯವಹಾರ. ಆದರೆ ಇಂಥದೇ ಏರ್ಪಾಟನ್ನು ಸರ್ಕಾರಗಳು ಗುಟ್ಟಾಗಿ ಯುದ್ಧಕ್ಕೂ ಬಳಸಿವೆ. ಹೊರಗೆ ವ್ಯಾಪಾರದ ಕಂಪನಿ. ಒಳಗೆ ಸರ್ಕಾರದ ಹಣ, ಸೈನ್ಯದ ಕೆಲಸ. ನಮ್ಮ ಕಡೆ ಜಮೀನಿನ ವಿಷಯದಲ್ಲಿ ‘ಬೇನಾಮಿ’ ಎನ್ನುತ್ತೇವಲ್ಲ, ಇದು ಯುದ್ಧದ ಬೇನಾಮಿ. ಇಂಥ ಕಂಪನಿಗಳ ಕಥೆ ಎಲ್ಲೋ ವಾಷಿಂಗ್ಟನ್ನಿನಲ್ಲಿ, ಶಾಂಘೈಯಲ್ಲಿ ನಡೆದದ್ದು ಎಂದು ತಿಳಿಯಬೇಡಿ. ಅದರ ಒಂದು ಎಳೆ ಬೆಂಗಳೂರಿನ ಎಚ್‌ಎಎಲ್‌ನ ಹೊಸ್ತಿಲವರೆಗೂ ಬಂದಿದೆ.

ಎಚ್‌ಎಎಲ್ ಹುಟ್ಟಿದ ಬಗೆಯನ್ನು ಮೊದಲು ನೋಡೋಣ. 1939ರಲ್ಲಿ ಅಮೆರಿಕ ಪ್ರವಾಸಕ್ಕೆ ಹೋಗಿದ್ದ ಉದ್ಯಮಿ ವಾಲಚಂದ್ ಹೀರಾಚಂದ್ ಅವರಿಗೆ ವಿಮಾನಯಾನದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ನನ ಪರಿಚಯವಾಯಿತು. ಪಾಲಿ ವಿಮಾನಗಳ ವ್ಯಾಪಾರಿ. ಇಂಟರ್‌ಕಾಂಟಿನೆಂಟ್ ಎಂಬ ಕಂಪನಿಯ ಒಡೆಯ. ಭಾರತದಲ್ಲಿ ವಿಮಾನ ಕಾರ್ಖಾನೆ ಕಟ್ಟಬೇಕೆಂಬ ವಾಲಚಂದರ ಆಸೆಗೆ ಈ ಭೇಟಿಯಿಂದ ದಾರಿ ಸಿಕ್ಕಿತು. ಜಾಗ ಕೊಡಲು ಮುಂದೆ ಬಂದದ್ದು ಮೈಸೂರು ಸಂಸ್ಥಾನ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ ಇತ್ತು, ಭದ್ರಾವತಿಯ ಉಕ್ಕಿತ್ತು, ಟಾಟಾ ಇನ್‌ಸ್ಟಿಟ್ಯೂಟ್ ಇತ್ತು. ಸರ್ಕಾರ ಸುಮಾರು 700 ಎಕರೆ ಜಮೀನು ಕೊಟ್ಟು, ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಯಂತ್ರ, ನಕ್ಷೆ, ಅಮೆರಿಕನ್ ಎಂಜಿನಿಯರುಗಳನ್ನು ಒದಗಿಸುವ ಹೊಣೆ ಪಾಲಿಯದು.

ಈ ಪಾಲಿ ಬೆಂಗಳೂರಿಗೆ ಬರುವ ಮೊದಲೇ ಚೀನಾದಲ್ಲಿ ಬೇರೂರಿದ್ದ. 1930ರ ದಶಕದಲ್ಲಿ ಚೀನಾ ಸರ್ಕಾರದೊಡನೆ ಸೇರಿ ಹ್ಯಾಂಗ್‌ಝೌ ನಗರದಲ್ಲಿ ಆತ ಒಂದು ವಿಮಾನ ಕಾರ್ಖಾನೆ ತೆರೆದಿದ್ದ. ಹೆಸರು ಸೆಂಟ್ರಲ್ ಏರ್‌ಕ್ರಾಫ್ಟ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ, ಚುಟುಕಾಗಿ ‘ಕ್ಯಾಮ್ಕೊ’. 1937ರಲ್ಲಿ ಜಪಾನ್ ಚೀನಾದ ಮೇಲೆ ದಂಡೆತ್ತಿ ಬಂದಾಗ ಕಾರ್ಖಾನೆ ಗಂಟುಮೂಟೆ ಕಟ್ಟಿ ಹ್ಯಾಂಕೌಗೆ ಓಡಿತು. ಅಲ್ಲಿಂದ ಬರ್ಮಾ ಗಡಿಯ ಲೋಯಿವಿಂಗ್‌ಗೆ ಹೋಯಿತು. 1940ರ ಅಕ್ಟೋಬರ್‌ನಲ್ಲಿ ಜಪಾನಿ ಬಾಂಬುಗಳು ಅಲ್ಲಿಯೂ ಬಿದ್ದವು. ಎರಡೇ ತಿಂಗಳಿಗೆ ಬೆಂಗಳೂರಿನ ಕಂಪನಿ ನೋಂದಣಿಯಾಯಿತು. ಬಾಂಬು ಬೀಳದ ನೆಲದ ಬೆಲೆ ಏನೆಂದು ಪಾಲಿಗೆ ಚೆನ್ನಾಗಿ ಗೊತ್ತಿತ್ತು.

ಇಲ್ಲಿಯವರೆಗಿನದು ವ್ಯಾಪಾರದ ಮಾತು. ಮುಖವಾಡದ ಮಾತು ಇನ್ನು ಬರುತ್ತದೆ.

ಆಗ ಅಮೆರಿಕ ಯುದ್ಧಕ್ಕೆ ಇಳಿದಿರಲಿಲ್ಲ. ಯುದ್ಧನಿರತ ದೇಶಗಳಿಗೆ ಸಾಲ ಕೊಡದಂತೆ, ಶಸ್ತ್ರ ಒದಗಿಸದಂತೆ ಅಲ್ಲಿನ ತಟಸ್ಥ ನೀತಿಯ ಕಾನೂನುಗಳು ಸರ್ಕಾರದ ಕೈ ಕಟ್ಟಿದ್ದವು. ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಮಾತ್ರ ಚೀನಾ ಸೋಲುವುದು ಬೇಕಿರಲಿಲ್ಲ. ಕಾನೂನು ಮುರಿಯದೆ ನೆರವು ಕೊಡುವುದು ಹೇಗೆ? ಉತ್ತರ: ನಡುವೆ ಒಂದು ಕಂಪನಿಯನ್ನು ನಿಲ್ಲಿಸುವುದು.

ಮೊದಲನೆಯ ಕಂಪನಿ ನ್ಯೂಯಾರ್ಕಿನ ಯೂನಿವರ್ಸಲ್ ಟ್ರೇಡಿಂಗ್ ಕಾರ್ಪೊರೇಷನ್. 1938ರ ಡಿಸೆಂಬರ್‌ನಲ್ಲಿ ಅಮೆರಿಕದ ಸರ್ಕಾರಿ ಬ್ಯಾಂಕು 2.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿದ್ದು ಚೀನಾ ಸರ್ಕಾರಕ್ಕಲ್ಲ, ಈ ಕಂಪನಿಗೆ. ಬಣ್ಣ, ವಾರ್ನಿಷ್ ತಯಾರಿಕೆಗೆ ಬೇಕಾಗುವ ಟಂಗ್ ಎಣ್ಣೆಯನ್ನು ಚೀನಾದಿಂದ ತರಿಸಿ ಮಾರಿ ಸಾಲ ತೀರಿಸುವುದು ಕರಾರು. ಲೆಕ್ಕದ ಪುಸ್ತಕದಲ್ಲಿ ಅದು ಎಣ್ಣೆ ವ್ಯಾಪಾರ. ನಿಜದಲ್ಲಿ ಆ ಹಣ ಚೀನಾದ ಯುದ್ಧಕಾಲದ ಖರೀದಿಗೆ.

ಎರಡನೆಯದು 1941ರಲ್ಲಿ ಹುಟ್ಟಿದ ಚೀನಾ ಡಿಫೆನ್ಸ್ ಸಪ್ಲೈಸ್. ಕಂಪನಿ ಕಾನೂನು ಸಡಿಲವಾಗಿರುವ ಡೆಲವೇರ್ ರಾಜ್ಯದಲ್ಲಿ ಅದರ ನೋಂದಣಿ. ನಡೆಸುತ್ತಿದ್ದವರು ಚೀನಾದ ನಾಯಕ ಚಿಯಾಂಗ್ ಕೈ-ಷೇಕ್ ಅವರ ಭಾವಮೈದುನ ಟಿ.ವಿ. ಸೂಂಗ್. ಗೌರವ ಅಧ್ಯಕ್ಷರು ರೂಸ್‌ವೆಲ್ಟರ ಸೋದರಮಾವ ಫ್ರೆಡರಿಕ್ ಡೆಲನೊ. ಅಂಗಡಿ ಯಾರದೆಂದು ಕೇಳುವುದೇ ಬೇಡ.

ಮೂರನೆಯದೇ ನಮ್ಮ ಪಾಲಿಯ ಕ್ಯಾಮ್ಕೊ. ಹಣ ಸಿಕ್ಕಿತು, ಯುದ್ಧವಿಮಾನಗಳೂ ಸಿಕ್ಕವು. ಹಾರಿಸಲು ಪೈಲಟ್‌ಗಳು ಬೇಡವೇ? ಚಿಯಾಂಗ್ ಅವರ ವಾಯುಪಡೆ ಸಲಹೆಗಾರ ಕ್ಲೇರ್ ಶೆನಾಲ್ಟ್, ಅಮೆರಿಕದ ಭೂಸೇನೆ ಮತ್ತು ನೌಕಾಪಡೆಯ ಪೈಲಟ್‌ಗಳನ್ನೇ ಬಯಸಿದರು. 1941ರ ಏಪ್ರಿಲ್‌ನಲ್ಲಿ ಚೀನಾ ಸರ್ಕಾರಕ್ಕೂ ಕ್ಯಾಮ್ಕೊಗೂ ಒಪ್ಪಂದವಾಯಿತು. ಶ್ವೇತಭವನದ ಒಪ್ಪಿಗೆಯ ನೆರಳಿನಲ್ಲಿ ಕಂಪನಿಯ ಪ್ರತಿನಿಧಿಗಳು ಸೇನಾ ನೆಲೆಗಳಿಗೆ ಹೋಗಿ ಜನ ಆರಿಸಿದರು. ಆಯ್ಕೆಯಾದವರು ಸೇನೆಗೆ ರಾಜೀನಾಮೆ ಕೊಟ್ಟು, ಒಂದು ವರ್ಷದ ಮಟ್ಟಿಗೆ ಕ್ಯಾಮ್ಕೊ ನೌಕರರಾದರು. ಕರಾರುಪತ್ರದಲ್ಲಿ ಯುದ್ಧದ ಮಾತೇ ಇಲ್ಲ. ವಿಮಾನ ತಯಾರಿಕೆ, ದುರಸ್ತಿ, ಚಾಲನೆ ಎಂದಷ್ಟೇ ಇತ್ತು. ಪೈಲಟ್‌ಗೆ ತಿಂಗಳಿಗೆ 600 ಡಾಲರ್, ದಳದ ನಾಯಕನಿಗೆ 750. ಸೇನೆಯ ಸಂಬಳಕ್ಕಿಂತ ಇದು ಬಹಳ ಹೆಚ್ಚು. ಜಪಾನಿ ವಿಮಾನವೊಂದನ್ನು ಉರುಳಿಸಿದರೆ 500 ಡಾಲರ್ ಬಹುಮಾನ. ಈ ಬಹುಮಾನದ ಸಂಗತಿ ಕರಾರಿನಲ್ಲಿ ಬರೆದದ್ದಲ್ಲ, ಬಾಯಿಮಾತು.

1941ರ ಜುಲೈನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಡಚ್ ಹಡಗು ಯಾಗರ್ಸ್‌ಫಾಂಟೈನ್ ಒಂದು ದೊಡ್ಡ ತಂಡವನ್ನು ಹೊತ್ತು ಹೊರಟಿತು. ಪಾಸ್‌ಪೋರ್ಟುಗಳಲ್ಲಿ ಇವರಾರೂ ಯೋಧರಲ್ಲ; ಬಗೆಬಗೆಯ ನಾಗರಿಕ ಕಸುಬುಗಳವರು. ರಂಗೂನಿನಲ್ಲಿ ಇಳಿದು ಬರ್ಮಾದ ಟಂಗೂನಲ್ಲಿ ತರಬೇತಿ ಪಡೆದರು. ಅವರ ಮೊದಲ ಕಾಳಗ ನಡೆದದ್ದು 1941ರ ಡಿಸೆಂಬರ್ 20ರಂದು, ಕುನ್ಮಿಂಗ್ ನಗರದ ಮೇಲೆ. ಅಷ್ಟರಲ್ಲಿ ಪರ್ಲ್ ಹಾರ್ಬರ್ ದಾಳಿಯಾಗಿ ಅಮೆರಿಕ ತಾನೇ ಯುದ್ಧಕ್ಕೆ ಇಳಿದಿತ್ತು. ‘ಫ್ಲೈಯಿಂಗ್ ಟೈಗರ್ಸ್’ ಎಂದು ಹೆಸರಾದ ಈ ಪಡೆ 1942ರ ಜುಲೈ 4ರಂದು ವಿಸರ್ಜನೆಯಾಯಿತು. ಅಷ್ಟು ಹೊತ್ತಿಗೆ 290ಕ್ಕೂ ಹೆಚ್ಚು ವಿಮಾನಗಳು ಅದರ ಲೆಕ್ಕಕ್ಕೆ ಜಮಾ ಆಗಿದ್ದವು.

ಇಲ್ಲಿ ಒಂದು ಮಾತನ್ನು ಗಮನಿಸಿ. ಕ್ಯಾಮ್ಕೊ ಬರೀ ಖಾಲಿ ಫಲಕವಾಗಿರಲಿಲ್ಲ. ಅದಕ್ಕೆ ನಿಜವಾದ ಕಾರ್ಖಾನೆ ಇತ್ತು, ಕೆಲಸಗಾರರಿದ್ದರು, ವರ್ಷಗಳ ವ್ಯವಹಾರವಿತ್ತು. ಹೊಸದಾಗಿ ಕಟ್ಟಿದ ಸುಳ್ಳು ಕಂಪನಿಯ ಮೇಲೆ ಯಾರಿಗಾದರೂ ಅನುಮಾನ ಬರುತ್ತದೆ. ಹತ್ತು ಜನ ನೋಡಿರುವ ಕಂಪನಿಯ ಮೇಲೆ ಬರುವುದಿಲ್ಲ. ಒಳ್ಳೆಯ ಮುಖವಾಡವೆಂದರೆ ನಿಜವಾದ ಮುಖವೇ. ಲಾಭವೂ ನಿಜವೇ. ಚೀನಾಕ್ಕೆ ಮಾರಾಟವಾದ ಯುದ್ಧವಿಮಾನಗಳ ಮೇಲೆ ತನಗೆ ದಲ್ಲಾಳಿ ಹಣ ಬರಬೇಕೆಂದು ಪಾಲಿ ಪಟ್ಟು ಹಿಡಿದಿದ್ದ. ದೇಶಸೇವೆ, ವ್ಯಾಪಾರ ಎರಡೂ ಒಂದೇ ಬಂಡಿಯಲ್ಲಿ ಸಾಗಿದವು.

ಹಾಗಾದರೆ ಎಚ್‌ಎಎಲ್ ಕೂಡ ಇಂಥದೇ ಮುಖವಾಡವೇ ಎಂದು ನೀವು ಕೇಳಬಹುದು. ಅಲ್ಲ. ಬೆಂಗಳೂರಿನ ಕಂಪನಿಯ ಷೇರುದಾರರು ಯಾರೆಂದು ಎಲ್ಲರಿಗೂ ಗೊತ್ತಿತ್ತು. 1941ರ ಮಾರ್ಚ್‌ನಲ್ಲಿ ಭಾರತ ಸರ್ಕಾರವೂ ಬಹಿರಂಗವಾಗಿ ಪಾಲುದಾರನಾಯಿತು. ಆ ವರ್ಷವೇ ಇಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಮೇಲೇರಿತು. ಒಬ್ಬನೇ ಮನುಷ್ಯ, ಒಂದೇ ಕಾಲದಲ್ಲಿ, ಒಂದು ಕಂಪನಿಯನ್ನು ತೆರೆದ ಬಾಗಿಲಿನಲ್ಲೂ ಇನ್ನೊಂದನ್ನು ಪರದೆಯ ಹಿಂದೆಯೂ ನಡೆಸಿದ ಎಂಬುದೇ ಇದರಲ್ಲಿನ ಸ್ವಾರಸ್ಯ. 1942ರಲ್ಲಿ ಜಪಾನಿ ಸೇನೆ ಬರ್ಮಾ ನುಂಗಿದಾಗ ವಾಲಚಂದರ ಷೇರುಗಳನ್ನು ಸರ್ಕಾರ ಕೊಂಡುಕೊಂಡಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ, ಅದು ವಿಮಾನ ದುರಸ್ತಿಯ ದೊಡ್ಡ ನೆಲೆಯಾಯಿತು. ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಆ ದುರಸ್ತಿ ಶೆಡ್ಡುಗಳಲ್ಲಿ ನಮ್ಮವರು ಕಲಿತ ಕೈಕೆಲಸ ಯುದ್ಧ ಮುಗಿದ ಮೇಲೂ ಈ ಊರಿನಲ್ಲೇ ಉಳಿಯಿತು.

ಕಂಪನಿಯನ್ನು ಮುಂದಿಟ್ಟುಕೊಳ್ಳುವುದರಲ್ಲಿ ಬ್ರಿಟಿಷರೂ ಹಿಂದೆ ಬೀಳಲಿಲ್ಲ. ಅವರ ಗುಪ್ತ ಕಾರ್ಯಾಚರಣೆ ಸಂಸ್ಥೆ ಎಸ್‌ಒಇ, ರಬ್ಬರ್ ವ್ಯಾಪಾರಿಯಾಗಿದ್ದ ವಾಲ್ಟರ್ ಫ್ಲೆಚರ್ ಅವರಿಂದ ಚೀನಾದಲ್ಲಿ ಒಂದು ವಹಿವಾಟು ನಡೆಸಿತು. ಗುಟ್ಟಿನ ಹೆಸರು ‘ರಿಮೋರ್ಸ್’, ಅಂದರೆ ಪಶ್ಚಾತ್ತಾಪ. ಚೀನಾದ ಹಣವನ್ನು ಸರ್ಕಾರಿ ದರದಲ್ಲಿ ಕೊಂಡರೆ ಭಾರೀ ನಷ್ಟವಾಗುತ್ತಿತ್ತು. ಅದಕ್ಕೇ ಸ್ವಿಸ್ ಗಡಿಯಾರ, ವಜ್ರಗಳನ್ನು ಕಾಳಸಂತೆಯಲ್ಲಿ ಮಾರಿ ಚೀನಾದ ಹಣ ಸಂಪಾದಿಸಿ, ಅದನ್ನು ಅಲ್ಲಿನ ಯುದ್ಧದ ಖರ್ಚಿಗೆ ಒದಗಿಸಿದರು. ಇದರ ಲಾಭ 7.7 ಕೋಟಿ ಪೌಂಡ್ ಎಂದು ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಪಶ್ಚಾತ್ತಾಪಕ್ಕೆ ಇಷ್ಟು ಲಾಭ ಬಂದದ್ದು ಬಹುಶಃ ಅದೊಂದೇ ಸಲ!

ಜಪಾನಿನ ಆಕ್ರಮಣದ ಕ್ರೌರ್ಯವನ್ನು ನೆನೆದರೆ ಇದೆಲ್ಲ ಅಗತ್ಯವಾಗಿತ್ತು ಎನ್ನುವವರಿದ್ದಾರೆ. ಆ ವಾದವನ್ನು ತಳ್ಳಿಹಾಕಲಾಗದು. ಆದರೆ ಯುದ್ಧಕಾಲದ ಉಪಾಯ ಯುದ್ಧದೊಂದಿಗೆ ಮುಗಿಯಲಿಲ್ಲ, ಅಭ್ಯಾಸವಾಗಿ ಬೆಳೆಯಿತು. ಶೆನಾಲ್ಟ್ ಮತ್ತು ಚೀನಾ ಡಿಫೆನ್ಸ್ ಸಪ್ಲೈಸ್‌ನಲ್ಲಿದ್ದ ವಿಲಾವರ್ ಸೇರಿ 1946ರಲ್ಲಿ ಸಿಎಟಿ ಎಂಬ ವಿಮಾನಯಾನ ಕಂಪನಿ ಕಟ್ಟಿದರು. 1950ರಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ ಅದನ್ನು ಗುಟ್ಟಾಗಿ ಕೊಂಡಿತು. 1959ರಿಂದ ಅದೇ ‘ಏರ್ ಅಮೆರಿಕ’. ಲಾವೋಸ್, ವಿಯೆಟ್ನಾಂ ಯುದ್ಧಗಳಲ್ಲಿ ಹಾರಾಡಿ 1976ರಲ್ಲಿ ಮುಚ್ಚಿತು. ಪಾಲಿ ರಾಯಭಾರಿಯಾದ. ಸಿಐಎಯ ಗುಪ್ತ ಕಾರ್ಯಾಚರಣೆಗಳನ್ನು ಪರಿಶೀಲಿಸಲು 1954ರಲ್ಲಿ ನೇಮಿಸಿದ ಡೂಲಿಟಲ್ ಸಮಿತಿಯಲ್ಲಿ ಸದಸ್ಯನೂ ಆದ.

ಈಗ ಆರಂಭದ ಪ್ರಶ್ನೆಗೆ ಬರೋಣ. ಯಂತ್ರಕ್ಕೆ ಕೈ ಸಿಕ್ಕಿದಾಗ ಮಾಲೀಕ ಯಾರು?

ಸಿಎಟಿಯ ಪೈಲಟ್ ಜೇಮ್ಸ್ ಮೆಕ್‌ಗವರ್ನ್, 1954ರ ಮೇ 6ರಂದು ಡಿಯನ್ ಬಿಯನ್ ಫುನಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಫ್ರೆಂಚ್ ಸೈನಿಕರಿಗೆ ಸಾಮಗ್ರಿ ಇಳಿಸುವಾಗ ಗುಂಡೇಟಿಗೆ ಸಿಕ್ಕಿದರು. ವಿಮಾನ ಲಾವೋಸ್‌ನಲ್ಲಿ ಬಿತ್ತು. ಅಧಿಕೃತವಾಗಿ ಅದು ಖಾಸಗಿ ಕಂಪನಿಯ ಪೈಲಟ್ ಒಬ್ಬನ ಸಾವು. ಅವಶೇಷ ಸಿಕ್ಕಿದ್ದು 2002ರಲ್ಲಿ. ಅಮೆರಿಕದ ಯೋಧರ ಸ್ಮಶಾನ ಆರ್ಲಿಂಗ್ಟನ್ನಿನಲ್ಲಿ ಮಣ್ಣಾದದ್ದು 2007ರಲ್ಲಿ. ಫ್ಲೈಯಿಂಗ್ ಟೈಗರ್ಸ್ ಪಡೆಯವರನ್ನು ಅಮೆರಿಕ ಸರ್ಕಾರ ತನ್ನ ಸೇನೆಯಲ್ಲಿ ಸೇವೆ ಸಲ್ಲಿಸಿದವರೆಂದು ಒಪ್ಪಿಕೊಂಡದ್ದು 1991ರಲ್ಲಿ, ಅಂದರೆ ಐವತ್ತು ವರ್ಷಗಳ ಮೇಲೆ. ಅಷ್ಟರಲ್ಲಿ ಆ ಮಾತು ಕೇಳಬೇಕಾದ ಎಷ್ಟೋ ಕಿವಿಗಳೇ ಇರಲಿಲ್ಲ.

ತಿಳಿದೂ ಹೋದವರ ಗತಿ ಇದಾದರೆ, ತಿಳಿಯದೇ ದುಡಿದವರದು ಇನ್ನೂ ಕಷ್ಟ. ಸ್ವಿಟ್ಜರ್ಲೆಂಡಿನ ಕ್ರಿಪ್ಟೊ ಎಜಿ ಕಂಪನಿ ಸರ್ಕಾರಗಳಿಗೆ ಗುಪ್ತಲಿಪಿ ಯಂತ್ರಗಳನ್ನು ಮಾರುತ್ತಿತ್ತು. 1970ರಲ್ಲಿ ಸಿಐಎ ಮತ್ತು ಜರ್ಮನಿಯ ಬೇಹುಗಾರಿಕೆ ಸಂಸ್ಥೆ ಸೇರಿ ಅದನ್ನು 57.5 ಲಕ್ಷ ಡಾಲರಿಗೆ ಗುಟ್ಟಾಗಿ ಕೊಂಡವು. ಯಂತ್ರಗಳ ಗುಟ್ಟನ್ನು ತಾವೇ ಬಿಡಿಸಿಕೊಳ್ಳುವಂತೆ ಮಾಡಿ ನೂರಕ್ಕೂ ಹೆಚ್ಚು ದೇಶಗಳಿಗೆ ಮಾರಿದವು. ಕೊಂಡವರ ಪಟ್ಟಿಯಲ್ಲಿ ಭಾರತವೂ ಇತ್ತು, ಪಾಕಿಸ್ತಾನವೂ ಇತ್ತು. ಬಂದ ಲಾಭವನ್ನು ಇಬ್ಬರೂ ಹಂಚಿಕೊಂಡು ಬೇರೆ ಕಾರ್ಯಾಚರಣೆಗಳಿಗೆ ಬಳಸಿದರು. ತನ್ನ ಮೇಲೆಯೇ ಕಿವಿಯಿಡುವ ಯಂತ್ರಕ್ಕೆ ಗಿರಾಕಿಯೇ ದುಡ್ಡು ಕೊಡುತ್ತಿದ್ದ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುವುದು ಇದಕ್ಕೇ. ಈ ಸಂಗತಿ ದಾಖಲೆಗಳ ಸಮೇತ ಹೊರಬಿದ್ದದ್ದು 2020ರಲ್ಲಿ.

ಆ ಕಂಪನಿಯ ಮಾರಾಟ ಪ್ರತಿನಿಧಿ ಹಾನ್ಸ್ ಬ್ಯೂಲರ್ ಎಂಬವರನ್ನು 1992ರಲ್ಲಿ ಇರಾನ್ ಬಂಧಿಸಿ ಒಂಬತ್ತು ತಿಂಗಳು ಸೆರೆಯಲ್ಲಿಟ್ಟಿತು. ಕಂಪನಿಯ ಹಿಂದೆ ಯಾರಿದ್ದಾರೆಂದು ಅವರಿಗೆ ಗೊತ್ತೇ ಇರಲಿಲ್ಲ. ಹತ್ತು ಲಕ್ಷ ಡಾಲರ್ ಕಟ್ಟಿ ಬಿಡಿಸಿ ತಂದ ಕಂಪನಿ, ಸ್ವಲ್ಪ ದಿನದಲ್ಲೇ ಅವರನ್ನು ಕೆಲಸದಿಂದ ತೆಗೆದು, ಆ ಹಣವನ್ನು ವಾಪಸು ಕೇಳಿತು.

ಮುಖವಾಡದ ಕಂಪನಿಯ ಗುಣವೇ ಇದು. ಗೆದ್ದರೆ ಗೆಲುವು ಪರದೆಯ ಹಿಂದಿನವರಿಗೆ, ಸಿಕ್ಕಿಬಿದ್ದರೆ ಸೋಲು ಫಲಕದ ಕೆಳಗೆ ನಿಂತವರಿಗೆ. ಸರ್ಕಾರಕ್ಕೆ ಬೇಕಾದದ್ದೂ ಅದೇ: ‘ಅವನು ನಮ್ಮವನಲ್ಲ’ ಎಂದು ಹೇಳುವ ಅನುಕೂಲ. ಆ ಒಂದು ವಾಕ್ಯಕ್ಕಾಗಿಯೇ ಇಷ್ಟೆಲ್ಲ ನೋಂದಣಿ, ಇಷ್ಟೆಲ್ಲ ಕರಾರುಪತ್ರ, ಇಷ್ಟೆಲ್ಲ ಲೆಕ್ಕದ ಪುಸ್ತಕ.

ಆದ್ದರಿಂದ ಯಾವುದೇ ದೊಡ್ಡ ಕಂಪನಿಯ ಫಲಕ ಕಂಡಾಗ ಅನುಮಾನಪಡಿ ಎಂದು ನಾನು ಹೇಳುವುದಿಲ್ಲ. ಮೂರು ಪ್ರಶ್ನೆ ಕೇಳಿ ಎಂದಷ್ಟೇ ಹೇಳುತ್ತೇನೆ. ದುಡ್ಡು ಹಾಕಿದವರು ಯಾರು? ಲಾಭ ಹೋಗುವುದು ಎಲ್ಲಿಗೆ? ಕೆಲಸದವನಿಗೆ ಏನಾದರೂ ಆದರೆ ಅವನ ಮನೆಯವರಿಗೆ ಉತ್ತರ ಹೇಳುವವರು ಯಾರು? 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಂಪನಿಗೆ ಈ ಮೂರಕ್ಕೂ ಎಲ್ಲರೆದುರು ಕೊಡುವ ಉತ್ತರವಿತ್ತು. ಅದು ಇವತ್ತಿಗೂ ಉಳಿದು ವಿಮಾನ ಕಟ್ಟುತ್ತಿದೆ. ಕ್ಯಾಮ್ಕೊ ಎಂಬ ಹೆಸರು ಮಾತ್ರ ಇತಿಹಾಸದ ಪುಸ್ತಕಗಳಲ್ಲಿ ಉಳಿದಿದೆ.