ಮಾವ ಕಂಡ ಮೋಡ

ಇವತ್ತಿನ ಪುಸ್ತಕದ ಹೆಸರು ಆಮೇಲೆ ಹೇಳ್ತೀನಿ. ಮೊದಲು ಒಬ್ಬ ಸೋದರಮಾವನ ಕಥೆ ಕೇಳಿ.

ಸೋದರಮಾವ ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿವಿ ಚುಚ್ಚುವ ದಿನ ಮಗುವನ್ನ ತೊಡೆ ಮೇಲೆ ಕೂರಿಸಿಕೊಳ್ಳೋರು ಅವರೇ. ಇರಾನಿನ ಶಿರಾಜ್‌ನಲ್ಲಿ ಹಾಜಿ ಮಿರ್ಜಾ ಸಯ್ಯಿದ್ ಮುಹಮ್ಮದ್ ಅಂತ ಒಬ್ಬ ವ್ಯಾಪಾರಿ ಇದ್ದರು. ಅವರ ತಂಗಿಯ ಮಗ 1844ರಲ್ಲಿ, ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ, ಜನ ಶತಮಾನಗಳಿಂದ ಕಾಯ್ತಿರೋ ವಾಗ್ದತ್ತ ಪುರುಷ ನಾನೇ ಅಂದರು. ಅವರನ್ನೇ ನಾವು ಬಾಬ್ ಅಂತ ಕರೆಯೋದು. 1850ರಲ್ಲಿ ತಬ್ರೀಜ್‌ನಲ್ಲಿ ಅವರನ್ನ ಗುಂಡಿಕ್ಕಿ ಕೊಂದರು. ತಂದೆಯಿಲ್ಲದ ಆ ಹುಡುಗನನ್ನ ಸಾಕಿದ ಇನ್ನೊಬ್ಬ ಸೋದರಮಾವ, ಸಯ್ಯಿದ್ ಅಲಿ, ಅಳಿಯನನ್ನ ನಂಬಿದ್ದಕ್ಕೆ ಅದೇ ವರ್ಷ ತೆಹ್ರಾನ್‌ನಲ್ಲಿ ತಲೆ ಕೊಟ್ಟರು.

ಯೋಚನೆ ಮಾಡಿ. ಅಳಿಯ ಹೋದ, ಒಡಹುಟ್ಟಿದವನೂ ಹೋದ. ಹತ್ತು ವರ್ಷ ಕಳೆದರೂ ಈ ಮಾವನಿಗೆ ಮಾತ್ರ ನಂಬಿಕೆ ಬರಲಿಲ್ಲ. ನಂಬೋಕೆ ಆಗ್ತಿಲ್ಲ, ಬಿಟ್ಟುಬಿಡೋಕೂ ಆಗ್ತಿಲ್ಲ.

1860ರ ದಶಕದ ಆರಂಭದಲ್ಲಿ ಅವರು ಕರ್ಬಲಾ, ನಜಫ್ ಯಾತ್ರೆಗೆ ಹೊರಟರು. ಬಾಬ್‌ರ ತಾಯಿ, ಅಂದ್ರೆ ಇವರ ತಂಗಿ, ಆಗ ಇರಾಕ್‌ನಲ್ಲೇ ಇದ್ದರು. ಬಾಬ್‌ರ ಅನುಯಾಯಿ, ಮುಂದೆ ಬಹಾಯಿ ಧರ್ಮ ಸ್ಥಾಪಿಸಿದ ಬಹಾವುಲ್ಲಾ ಗಡೀಪಾರಾಗಿ ಬಾಗ್ದಾದ್‌ನಲ್ಲಿದ್ದರು, ಅವರನ್ನ ಮಾವ ಹೋಗಿ ಕಂಡರು. ಜೊತೆಗೆ ಬಂದಿದ್ದ ಮತ್ತೊಬ್ಬ ಸಹೋದರ ಭೇಟಿಯೇ ಬೇಡ ಅಂತ ವಾಪಸ್ ಹೋದರು. ಮಾವ ತಮ್ಮ ಸಂಶಯಗಳನ್ನ ಬರೆದು ಕೊಟ್ಟರು. ಸತ್ತವರು ಏಳುವ ದಿನ ಬಂತು ಅಂತೀರಲ್ಲ, ಅದೆಲ್ಲಿ? ಶಿಯಾ ಮುಸ್ಲಿಮರು ಕಾಯ್ತಿದ್ದ ಹನ್ನೆರಡನೇ ಇಮಾಮರ ಬಗ್ಗೆ ಪರಂಪರೆ ಹೇಳಿದ ಗುರುತುಗಳು ಎಲ್ಲಿ? ಎರಡು ಹಗಲು, ಎರಡು ರಾತ್ರಿಯಲ್ಲಿ ಉತ್ತರ ಸಿದ್ಧವಾಯ್ತು ಅನ್ನೋದು ಬಹಾಯಿ ಪರಂಪರೆ. ಆ ಉತ್ತರವೇ ಕಿತಾಬ್-ಇ-ಇಕಾನ್, ನಿಶ್ಚಯದ ಗ್ರಂಥ.

ನಾನು ಇದನ್ನ ಓದಿದ್ದು ಶೋಘಿ ಎಫೆಂದಿ 1931ರಲ್ಲಿ ತಂದ ಇಂಗ್ಲಿಷ್ ಅನುವಾದದಲ್ಲಿ. ಮೊದಲ ಸಲ ನೂಹ, ಹೂದ್, ಸಾಲಿಹ್, ಇಬ್ರಾಹಿಂ ಅಂತ ಸಾಲುಸಾಲಾಗಿ ಪ್ರವಾದಿಗಳು ಬರ್ತಾರೆ, ಪ್ರತಿಯೊಬ್ಬರನ್ನೂ ಅವರ ಜನ ದೂರ ತಳ್ತಾರೆ. ಅಲ್ಲೇ ಪುಸ್ತಕ ಮುಚ್ಚಿಟ್ಟೆ. ಎರಡನೇ ಸಲ ಮಾವನನ್ನ ಎದುರಿಗೆ ಕೂರಿಸಿಕೊಂಡು ಓದಿದೆ. ಆಗ ಅದು ಪಾಠ ಅನ್ನಿಸಲಿಲ್ಲ, ಒಬ್ಬ ಮನುಷ್ಯನಿಗೆ ಬರೆದ ಕಾಗದ ಅನ್ನಿಸ್ತು.

ನನ್ನನ್ನ ಹಿಡಿದು ನಿಲ್ಲಿಸಿದ್ದು ಮೋಡದ ಭಾಗ. ಮನುಷ್ಯಕುಮಾರ ಮೋಡಗಳ ಮೇಲೆ ಬರ್ತಾನೆ ಅಂತ ಮತ್ತಾಯನ ಸುವಾರ್ತೆಯಲ್ಲಿದೆಯಲ್ಲ, ಮೋಡ ಅಂದ್ರೆ ಏನು ಅಂತ ಬಹಾವುಲ್ಲಾ ಬಿಡಿಸ್ತಾರೆ. ಸೂರ್ಯನನ್ನ ಕಣ್ಣಿಂದ ಮರೆಮಾಡುವ ಏನೇ ಆಗಲಿ, ಮೋಡವೇ. ಹಳೇ ಕಟ್ಟಳೆ ಬಿದ್ದುಹೋಗೋದು ಮೋಡ. ಪಂಡಿತ ಹಿಂದೆ ಬಿದ್ದು ಅಕ್ಷರ ಬಾರದವನು ಮುಂದೆ ಬರೋದು ಮೋಡ. ದೇವರ ದೂತ ನಮ್ಮ ಹಾಗೇ ಉಣ್ಣೋದು, ಮಲಗೋದು, ಬಡವನಾಗಿರೋದು, ಅದೂ ಮೋಡ.

ಇದನ್ನ ಮಾವ ಓದಿದಾಗ ಏನಾಗಿರಬೇಕು! ಎದುರಿಗೇ ಆಡಿ ಬೆಳೆದ ಹುಡುಗ. ಅವನ ಹಸಿವು, ನಿದ್ದೆ ಎಲ್ಲಾ ಗೊತ್ತು. ಅಷ್ಟು ಹತ್ತಿರದಿಂದ ಕಂಡದ್ದೇ ಅವರ ಕಣ್ಣಿಗೆ ಕವಿದ ಮೋಡ. ಇದು ನನ್ನ ಓದು, ಗ್ರಂಥದಲ್ಲಿ ಹೀಗಂತ ಬರೆದಿಲ್ಲ. ಆದರೆ ನನಗೆ ಇದರಲ್ಲಿ ಅನುಮಾನ ಉಳಿದಿಲ್ಲ.

ಈಗ ಒಂದು ಜಗಳ ಇದೆ. ಗುರುತುಗಳು ನಿಜವಾಗಲಿಲ್ಲ, ಅದಕ್ಕೇ ಎಲ್ಲಾ ಸಂಕೇತ ಅಂತ ನುಣುಚಿಕೊಂಡರು ಅನ್ನೋ ವಾದ. ನಾನು ಒಪ್ಪಲ್ಲ. ಬೆಡಗಿನ ವಚನ ಓದಿ ಬೆಳೆದ ನಾವು, ಮೇಲಿನ ಅರ್ಥವೇ ನಿಜವಾದ ಅರ್ಥ ಅಂತ ಹಟ ಹಿಡೀತೀವಾ? ಇನ್ನೂ ಮುಖ್ಯವಾದ ಮಾತು ಅಂದ್ರೆ, ಈ ಗ್ರಂಥ ತನಗೊಂದು, ಬೇರೆಯವರಿಗೊಂದು ಅಳತೆ ಇಟ್ಟುಕೊಂಡಿಲ್ಲ. ಯೇಸು ಬಂದಾಗ ಯಹೂದಿಗಳು ಕಾಯ್ತಿದ್ದದ್ದು ದಾವೀದನ ಸಿಂಹಾಸನದ ರಾಜನನ್ನ. ಅಂಥ ರಾಜ ಕಾಣಲಿಲ್ಲ. ಅಕ್ಷರಾರ್ಥವೇ ಒರೆಗಲ್ಲಾದರೆ ಯೇಸುವನ್ನೂ ಬಿಡಬೇಕಾಗುತ್ತೆ. ಆದರೆ ಒಂದು ಕಡೆ ನನಗೂ ತೊಡಕಿದೆ. ಸೂರ್ಯ ಅಂದ್ರೆ ಪ್ರವಾದಿ ಅಂತಾರೆ, ಮುಂದೆ ಧರ್ಮಪಂಡಿತರು ಅಂತಾರೆ, ನಮಾಜು ಉಪವಾಸಗಳೂ ಅಂತಾರೆ. ಒಂದೇ ಪದಕ್ಕೆ ಇಷ್ಟು ಅರ್ಥ ಯಾಕೆ ಅಂತ ಪುಟದ ಅಂಚಲ್ಲಿ ಗುರುತು ಹಾಕಿದ್ದೆ. ಆ ಗುರುತು ಇನ್ನೂ ಅಳಿಸಿಲ್ಲ.

ಹಾಂ, ಒಂದು ವಿಷಯ ಸ್ಪಷ್ಟ ಮಾಡ್ಬೇಕು. ಬಾಬ್ ಬೇರೆ, ಬಹಾವುಲ್ಲಾ ಬೇರೆ. ಇಕಾನ್ ವಾದ ಮಾಡೋದು ಬಾಬ್‌ರ ಪರವಾಗಿ. ಬಹಾವುಲ್ಲಾ ತಮ್ಮ ಬಗ್ಗೆ ಘೋಷಿಸಿದ್ದು 1863ರಲ್ಲಿ, ಬಾಗ್ದಾದ್ ಬಿಡುವಾಗ. ಅಂದ್ರೆ ಈ ಪುಸ್ತಕ ಬರೆಯೋ ಹೊತ್ತಿಗೆ ಅವರು ತಮ್ಮ ಮಾತು ಇನ್ನೂ ಒಳಗೇ ಇಟ್ಟುಕೊಂಡಿದ್ದರು. ಇದು ಗೊತ್ತಾದ ಮೇಲೆ ಮತ್ತೆ ಓದಿ ನೋಡಿ, ಸಾಲುಗಳ ಭಾರವೇ ಬೇರೆ.

ಎರಡನೇ ಭಾಗದಲ್ಲಿ ಪ್ರವಾದಿಯ ಒಡೆತನ ಅಂದ್ರೆ ಏನು, ಕೊನೆಯ ಪ್ರವಾದಿ ಅಂದ್ರೆ ಏನು ಅಂತೆಲ್ಲ ಇದೆ. ಅದಕ್ಕೆ ಇನ್ನೊಂದು ಸಂಚಿಕೆಯೇ ಬೇಕು. ಒಂದು ಮಾತ್ರ ಹೇಳ್ತೀನಿ. ಸತ್ಯ ಹುಡುಕುವವನು ಹೇಗಿರಬೇಕು ಅಂತ ಹೇಳುವಾಗ ಅಲ್ಲಿ ಮೊದಲು ವಿದ್ವತ್ತು ಕೇಳಲ್ಲ. ಮನಸ್ಸು ತೊಳೆದುಕೋ, ಬೆನ್ನ ಹಿಂದೆ ಆಡಿಕೊಳ್ಳಬೇಡ, ಪ್ರಾಣಿಗಳಿಗೆ ದಯೆ ತೋರಿಸು ಅಂತ ಕೇಳುತ್ತೆ. ಚಾಡಿ ಮಾತಿಗೂ ಸತ್ಯ ಕಾಣೋದಕ್ಕೂ ಏನು ಸಂಬಂಧ ಅಂತ ನಾನು ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೆ. ಇನ್ನೊಬ್ಬರ ಬಗ್ಗೆ ಆಡಿ ಆಡಿ ನಾವೇ ಕಟ್ಟಿಕೊಳ್ಳೋ ಚಿತ್ರವೂ ಮೋಡವೇ ಅಂತ ಈಗ ಅನ್ನಿಸುತ್ತೆ.

ಮಾವ ನಂಬಿದರು. ಅವರಿಗೆ ಬಂದ ಪ್ರತಿ ಬಹಾವುಲ್ಲಾ ಅವರ ಮಗ ಅಬ್ದುಲ್ ಬಹಾ ಅವರ ಕೈಬರಹದ್ದು, ಮಗನಿಗೆ ಆಗ ಹದಿನೆಂಟರ ಆಸುಪಾಸು. ಅಂಚಿನಲ್ಲಿ ಅಲ್ಲಲ್ಲಿ ಬಹಾವುಲ್ಲಾ ಅವರೇ ಸೇರಿಸಿದ ಸಾಲುಗಳಿವೆ. ಮಾವನ ಮನೆತನ ಅದನ್ನ ತಲೆಮಾರುಗಳ ಕಾಲ ಕಾಪಾಡಿತು. ಈಗ ಅದು ಹೈಫಾದಲ್ಲಿದೆ.