ನೀಲಿ ಚೀಟಿಯ ತಂತ್ರಾಂಶ



ನನ್ನ ಕ್ಷೇತ್ರದ ಬಗ್ಗೆ ನಾಲ್ಕು ಮಾತು ಹೇಳು ಅಂದಿದ್ದೀರಿ. ಬೈಲಹೊಂಗಲ, ಸವದತ್ತಿ ಕಡೆಯ ರೈತರಿಗೆ ಪ್ರಮಾಣಿತ ಬೀಜದ ಚೀಲದ ನೀಲಿ ಚೀಟಿ ಗೊತ್ತು. ಚೀಲ ಬಿಚ್ಚಿ ಬೇರೆ ಕಾಳು ಬೆರೆಸಿದರೆ ಆ ಚೀಟಿಗೆ ಬೆಲೆ ಇಲ್ಲ. ತಂತ್ರಾಂಶಕ್ಕೂ ಇಂಥ ಚೀಟಿ ಇದೆ.

ನಾವು ಇಂಟರ್‌ನೆಟ್‌ನಲ್ಲಿ ಕಳಿಸುವ ಪಾಸ್‌ವರ್ಡನ್ನು ದಾರಿಯಲ್ಲಿ ಯಾರೂ ಓದದಂತೆ ಬೀಗ ಹಾಕುವ ತಂತ್ರಾಂಶಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಒಂದು. (ಎಸ್ಸೆಸ್ಸೆಲ್ಸಿ ಅಲ್ಲ!) ಅದು ಮುಕ್ತ ತಂತ್ರಾಂಶ, ಯಾರಾದರೂ ಓದಬಹುದು, ತಿದ್ದಿ ಕಳಿಸಬಹುದು. ಆದರೆ ಅಮೆರಿಕದ ಸರಕಾರಿ ಕಚೇರಿಗಳಲ್ಲಿ ಬಳಸಲು ‘ಫಿಪ್ಸ್ 140’ ಪ್ರಮಾಣಪತ್ರ ಬೇಕು. ಪರೀಕ್ಷೆಯಾದ ಭಾಗದಲ್ಲಿ ಒಂದು ಸಾಲು ಬದಲಿಸಿದರೂ ಆ ಪತ್ರ ಅದಕ್ಕೆ ಸಲ್ಲುವುದಿಲ್ಲ. ಹಳೆಯ ನಿಯಮದ ಪ್ರಕಾರ ಅರ್ಜಿ ಹಾಕಲು 2021ರ ಸೆಪ್ಟೆಂಬರ್ ಗಡುವು.

ತಂಡದವರು ಬೀಗದ ಭಾಗವನ್ನೇ ಬೇರೆ ಚೀಲ ಮಾಡಿದರು. ಅದು ಪರೀಕ್ಷೆಗೆ ಹೋಗಿ ಕೂತಿದ್ದರೂ ಉಳಿದದ್ದನ್ನು ತಿದ್ದುತ್ತ ಹೋಗಬಹುದು. ಇನ್ನೊಂದು ನಿರ್ಧಾರ ಬಹಳ ಜನರಿಗೆ ರುಚಿಸಲಿಲ್ಲ: ಎಲ್ಲರೂ ಕೇಳುತ್ತಿದ್ದ ‘ಕ್ವಿಕ್’ ಸೌಲಭ್ಯ ಈ ಆವೃತ್ತಿಯಲ್ಲಿ ಇಲ್ಲ ಅಂದುಬಿಟ್ಟರು. ನನಗೆ ಅದೇ ಸರಿ ಅನಿಸುತ್ತದೆ. ಪರೀಕ್ಷೆ ಬಾಗಿಲಿಗೆ ಬಂದಾಗ ನಮ್ಮ ಯಾವ ಗುರುಗಳು ಹೊಸ ಪಾಠ ಶುರು ಮಾಡಿದ್ದರು, ಹೇಳಿ?

17 ಆಲ್ಫಾ, 2 ಬೀಟಾ ಆವೃತ್ತಿ ಕೊಟ್ಟು, ಬಳಸುವವರಿಂದಲೇ ತಪ್ಪು ಹುಡುಕಿಸಿ, ಸೆಪ್ಟೆಂಬರ್ 7ರಂದು 3.0 ಬಿಡುಗಡೆ ಮಾಡಿದರು. ಅದೇ ತಿಂಗಳು ಅರ್ಜಿ ಹೋಯಿತು. ಪತ್ರ ಕೈಗೆ ಬಂದದ್ದು 2022ರ ಆಗಸ್ಟ್‌ನಲ್ಲಿ. ಕ್ವಿಕ್‌ನ ಮೊದಲ ಕಂತು 2023ರ ನವೆಂಬರ್‌ನಲ್ಲಿ 3.2ರ ಜೊತೆ ಬಂತು.

3.0ಕ್ಕೆ 350ಕ್ಕೂ ಹೆಚ್ಚು ಮಂದಿ ಕೈಜೋಡಿಸಿದ್ದರು. ನಮ್ಮ ಶಾಲೆಯ ಮಕ್ಕಳೂ ಆ ಕೋಡ್ ತೆರೆದು ನೋಡಬಹುದು, ದುಡ್ಡು ಬೇಡ. ಊಟದ ಹೊತ್ತಿಗೆ ನಾನು ಇಲ್ಲೇ ಇರುತ್ತೇನೆ. ಎಲ್ಲಿಂದ ಓದಬೇಕು ಅಂತ ಬಂದು ಕೇಳಿ, ತೋರಿಸುತ್ತೇನೆ.