ಹಚ್ಚೆ ಅಳಿಸುವ ಮುನ್ನ ಮನಸ್ಸನ್ನು ಕೇಳೋಣ

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ತಾಯಂದಿರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ನೀಡಿದ ಉಪನ್ಯಾಸ)



ಕುಟುಂಬ ಕಲ್ಯಾಣವೆಂದರೆ ಹೆರಿಗೆ, ಲಸಿಕೆ, ಮಿತ ಸಂತಾನ ಇವಿಷ್ಟೇ ಎಂದು ಭಾವಿಸುವವರುಂಟು. ಮನೆಯವರು ಒಬ್ಬರೊಡನೊಬ್ಬರು ಹೇಳಿಕೊಳ್ಳಲಾರದೆ ಒಳಗೇ ನುಂಗಿಕೊಳ್ಳುವ ನೋವುಗಳೂ ಕುಟುಂಬ ಕಲ್ಯಾಣದ ವಿಷಯಗಳೇ ಆಗಿವೆ. ಅಂತಹ ಒಂದು ನೋವನ್ನು ಕುರಿತು, ಅಂದರೆ ಮೈಮೇಲಿನ ಹಚ್ಚೆಯನ್ನು ಅಳಿಸಿಕೊಳ್ಳಬೇಕೆಂಬ ಹಂಬಲವನ್ನೂ ಅದರ ಹಿಂದಿರುವ ಮನೋವ್ಯಥೆಯನ್ನೂ ಕುರಿತು, ಇಂದು ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ಹಚ್ಚೆ ನಮಗೆ ಹೊಸದಲ್ಲ

ನಮ್ಮ ಅಜ್ಜಿಯಂದಿರ ಮುಂಗೈಯನ್ನು ನೋಡಿರಿ. ಚುಕ್ಕೆಗಳ ಸಾಲು, ತುಳಸಿಕಟ್ಟೆ, ಚೇಳು, ಕೆಲವರಲ್ಲಿ ಗಂಡನ ಹೆಸರು ಕಾಣುತ್ತವೆ. ಕೊರವಂಜಿಯರು ಊರೂರು ತಿರುಗಿ, ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಯಿಂದ ಚುಚ್ಚಿ ಹಾಕಿದ ಹಚ್ಚೆಗಳವು. ನಮ್ಮ ಗಡಿ ತಾಲ್ಲೂಕುಗಳಲ್ಲಿ ತೆಲುಗು ಮಾತನಾಡುವ ಮನೆಗಳವರು ಇದನ್ನೇ ಪಚ್ಚಬೊಟ್ಟು ಎನ್ನುತ್ತಾರೆ. ಒಡವೆ ವಸ್ತ್ರಗಳೆಲ್ಲ ಇಲ್ಲಿಯೇ ಉಳಿದು, ಸತ್ತ ಮೇಲೂ ಜೊತೆಗೆ ಬರುವುದು ಹಚ್ಚೆಯೊಂದೇ ಎಂಬ ನಂಬಿಕೆ ಹಿರಿಯರಲ್ಲಿತ್ತು.

ಇಂದಿನ ಹಚ್ಚೆಯ ಬಗೆ ಬೇರೆ. ವಿದ್ಯುತ್ ಯಂತ್ರದಿಂದ ಕೆಲವೇ ನಿಮಿಷಗಳಲ್ಲಿ ಪ್ರೀತಿಸಿದವರ ಹೆಸರು, ಮೆಚ್ಚಿನ ನಟನ ಚಿತ್ರ, ದೇವರ ರೂಪ ಮೈಮೇಲೆ ಮೂಡುತ್ತವೆ. ಹದಿನೆಂಟರ ವಯಸ್ಸಿನಲ್ಲಿ ಹಾಕಿಸಿಕೊಂಡದ್ದು ಇಪ್ಪತ್ತೈದರಲ್ಲಿ ಭಾರವೆನಿಸಬಹುದು. ಆಗ ಆರಂಭವಾಗುವುದೇ ಬೇಗುದಿ.

ಮುಚ್ಚಿಟ್ಟ ಕೈಯ ಸಂಕಟ

ವಿವಾಹ ನಿಶ್ಚಯವಾದ ಯುವತಿಯೊಬ್ಬಳ ಮಣಿಕಟ್ಟಿನಲ್ಲಿ ಬೇರೊಬ್ಬರ ಹೆಸರಿದೆ ಎಂದು ಭಾವಿಸೋಣ. ಬೇಸಗೆಯಲ್ಲಿಯೂ ಆಕೆ ತುಂಬುತೋಳಿನ ರವಿಕೆ ತೊಡುತ್ತಾಳೆ; ಬಳೆ ತೊಡಿಸುವ ಶಾಸ್ತ್ರವೆಂದರೆ ನಡುಗುತ್ತಾಳೆ. ಸೈನ್ಯಕ್ಕೆ ಸೇರಲು ದಿನವೂ ಮುಂಜಾನೆ ಓಡುವ ಯುವಕನ ಎದೆಯ ಮೇಲೊಂದು ಚಿತ್ರವಿದೆ ಎನ್ನೋಣ. ಭೂಸೇನೆಯ ನಿಯಮದಂತೆ ಸಾಮಾನ್ಯವಾಗಿ ಮುಂಗೈಯ ಒಳಭಾಗದಲ್ಲಿಯೂ ಅಂಗೈಯ ಹಿಂಭಾಗದಲ್ಲಿಯೂ ಮಾತ್ರ ಹಚ್ಚೆಗೆ ಅವಕಾಶವಿದ್ದು, ಬುಡಕಟ್ಟು ಜನರಿಗೆ ವಿನಾಯಿತಿ ಇದೆ. ಇದು ತಿಳಿದ ದಿನದಿಂದ ಆತನಿಗೆ ನಿದ್ರೆ ಇಲ್ಲ. ಇನ್ನು, ತನ್ನನ್ನು ಹೊಡೆದು ಬಿಟ್ಟುಹೋದ ಗಂಡನ ಹೆಸರನ್ನು ಪ್ರತಿದಿನ ಪಾತ್ರೆ ತೊಳೆಯುವಾಗ ತನ್ನ ಕೈಯಲ್ಲಿಯೇ ಓದಬೇಕಾದ ತಾಯಿಯ ಪಾಡನ್ನು ಊಹಿಸಿಕೊಳ್ಳಿರಿ.

ಇವರೆಲ್ಲರಿಗೂ ಸಮಾನವಾದುದು ನಾಚಿಕೆ ಮತ್ತು ಒಂಟಿತನ. ಹೇಳಿದರೆ ಬೈಯುವರೆಂಬ ಭಯದಿಂದ ಅವರು ಗುಟ್ಟಾಗಿ ಆಸಿಡ್, ಸುಣ್ಣ, ಕಾದ ಕಬ್ಬಿಣ ಇವುಗಳ ಮೊರೆಹೋಗುತ್ತಾರೆ. ಇದರಿಂದ ಚರ್ಮ ಆಳವಾಗಿ ಸುಡುತ್ತದೆ, ಕೀವುಗಟ್ಟುತ್ತದೆ, ಗಂಟು ಗಂಟಾದ ಕಲೆ ಉಳಿಯುತ್ತದೆ. ಅಕ್ಷರ ಹೋಗದೆ, ಅದರ ಮೇಲೆ ಗಾಯವೊಂದು ಸೇರಿದಂತಾಗುತ್ತದೆ.

ಬಣ್ಣ ಏಕೆ ಹೋಗುವುದಿಲ್ಲ?

ಹಚ್ಚೆಯ ಬಣ್ಣವು ಚರ್ಮದ ಮೇಲ್ಪದರದಲ್ಲಿರದೆ ಅದರ ಕೆಳಗಿನ ಪದರದಲ್ಲಿರುತ್ತದೆ. ಹೊರಗಿನ ವಸ್ತುಗಳನ್ನು ನುಂಗುವ ರಕ್ಷಕ ಕೋಶಗಳು ಆ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಳೆಯ ಕೋಶ ಸತ್ತಾಗ ಹೊಸ ಕೋಶವು ಅದೇ ಕಣವನ್ನು ಮತ್ತೆ ಹಿಡಿಯುತ್ತದೆ ಎಂಬುದನ್ನು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಆದುದರಿಂದ ಉಜ್ಜಿದರೆ, ಮುಲಾಮು ಹಚ್ಚಿದರೆ ಹಚ್ಚೆ ಹೋಗುವುದಿಲ್ಲ.

ಲೇಸರ್ ಚಿಕಿತ್ಸೆಯಲ್ಲಿ ಬೆಳಕಿನ ಅತಿ ಕ್ಷಣಿಕ ಮಿಡಿತಗಳು ಬಣ್ಣದ ಕಣಗಳನ್ನು ಒಡೆಯುತ್ತವೆ; ಪುಡಿಯಾದುದನ್ನು ಶರೀರವು ನಿಧಾನವಾಗಿ ಸಾಗಿಸುತ್ತದೆ. ಒಂದೊಂದು ಸರದಿಗೂ ಸಾಮಾನ್ಯವಾಗಿ 6ರಿಂದ 8 ವಾರಗಳ ಅಂತರವಿರಬೇಕು. ಹಲವು ಸರದಿಗಳು ಬೇಕಾಗಬಹುದು. ಕಪ್ಪು ಬಣ್ಣ ಸುಲಭವಾಗಿ ಮಾಸುತ್ತದೆ. ಹಸಿರು, ಹಳದಿ ಬಣ್ಣಗಳು ಹಠಮಾರಿಗಳು. ನಮ್ಮಂತಹ ಕಂದು ಚರ್ಮದವರಲ್ಲಿ ಆ ಜಾಗ ಬಿಳಿಚಿಕೊಳ್ಳುವ ಅಥವಾ ಕಪ್ಪಾಗುವ ಸಂಭವವಿರುವುದರಿಂದ ಚರ್ಮರೋಗ ತಜ್ಞರಿಂದಲೇ ಚಿಕಿತ್ಸೆ ಪಡೆಯತಕ್ಕದ್ದು. ಗರ್ಭಿಣಿಯರೂ ಎದೆಹಾಲುಣಿಸುವ ತಾಯಂದಿರೂ ಸಾಮಾನ್ಯವಾಗಿ ಇದನ್ನು ಮುಂದೂಡುವುದು ಕ್ಷೇಮ.

ಹೀಗಿರುವಾಗ, ಮದುವೆಗೆ ಹದಿನೈದು ದಿನವಿರುವಾಗ ಹೆಸರನ್ನು ಅಳಿಸಿಬಿಡಿರೆಂದು ಹಟ ಹಿಡಿಯುವುದು ವ್ಯರ್ಥ. ಇಷ್ಟು ದಿನದಲ್ಲಿ ಪೂರ್ಣ ಅಳಿಸುವೆನೆಂದು ಭರವಸೆ ಕೊಡುವವರನ್ನು ನಂಬಬಾರದು.

ಅಳಿಸಿದ ಮೇಲಿನ ಮನಸ್ಸು

ಹಚ್ಚೆ ಮಾಸಿದೊಡನೆ ಹಗುರವಾದ ಭಾವನೆ ಅನೇಕರಿಗೆ ಉಂಟಾಗುತ್ತದೆ. ಆದರೆ ಎಲ್ಲರ ಅನುಭವವೂ ಒಂದೇ ಅಲ್ಲ. ಚಿಕಿತ್ಸೆಯ ನಡುವೆ ಅರ್ಧ ಮಾಸಿದ ಅಕ್ಷರಗಳನ್ನು ತಿಂಗಳುಗಟ್ಟಲೆ ನೋಡುವುದು ಬೇಸರ ತರಬಹುದು. ಕೊನೆಗೂ ತೆಳುವಾದ ನೆರಳು ಉಳಿಯಬಹುದು. ತೀರಿಕೊಂಡವರ ಹೆಸರನ್ನು ಅಳಿಸಿಕೊಂಡವರಿಗೆ ಅವರನ್ನು ಎರಡನೆಯ ಸಲ ಕಳೆದುಕೊಂಡಂತೆ ದುಃಖವಾಗಬಹುದು. ಹಚ್ಚೆ ಹೋದರೂ ಹಳೆಯ ನೋವು ಹೋಗಲಿಲ್ಲವೆಂದು ಪೇಚಾಡುವವರೂ ಉಂಟು. ಲೇಸರ್ ಬೆಳಕು ಬಣ್ಣವನ್ನು ತಲುಪಬಲ್ಲದು, ನೆನಪನ್ನು ತಲುಪಲಾರದು.

ಆದುದರಿಂದ ಅಳಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಇದು ನನ್ನದೇ ಇಚ್ಛೆಯೋ, ಬೇರೆಯವರ ಒತ್ತಾಯವೋ? ಕೋಪದ ಅಥವಾ ದುಃಖದ ಭರದಲ್ಲಿ ತೀರ್ಮಾನಿಸುತ್ತಿರುವೆನೋ? ಗುರುತು ಪೂರ್ಣ ಹೋಗದಿದ್ದರೂ ನೆಮ್ಮದಿಯಿಂದ ಇರಬಲ್ಲೆನೋ? ಉತ್ತರ ದೊರೆಯದಿದ್ದರೆ ಕೆಲವು ತಿಂಗಳು ಕಾಯುವುದರಿಂದ ಯಾವ ನಷ್ಟವೂ ಇಲ್ಲ. ಉಳಿಸಿಕೊಳ್ಳುವುದೂ ಒಂದು ಗೌರವದ ತೀರ್ಮಾನವೇ. ಅಜ್ಜಿಯ ಹಚ್ಚೆಯನ್ನು ಕಂಡು ನಾಚುವ ಮೊಮ್ಮಕ್ಕಳು ಇದನ್ನು ಮರೆಯಬಾರದು.

ಮನೆಯವರ ಮತ್ತು ಕಾರ್ಯಕರ್ತೆಯರ ಕರ್ತವ್ಯ

ತಂದೆತಾಯಿಗಳೇ, ಮಗಳ ಕೈಯ ಹೆಸರನ್ನು ಕಂಡೊಡನೆ ಮನೆತನದ ಮಾನ ಹೋಯಿತೆಂದು ಕೂಗಾಡಬೇಡಿರಿ. ಆ ಕ್ಷಣದಲ್ಲಿ ನೀವು ಆಡುವ ಮಾತೇ ಆಕೆಯನ್ನು ವೈದ್ಯರ ಬಳಿಗೆ ಕಳಿಸಬಲ್ಲದು, ಇಲ್ಲವೇ ಆಸಿಡ್ ಬಾಟಲಿಯ ಕಡೆಗೆ ನೂಕಬಲ್ಲದು. ಹಳೆಯ ಸಂಗತಿಯನ್ನು ವರನಿಗೆ ತಿಳಿಸುವುದು ಹೇಗೆ, ಯಾವಾಗ ಎಂಬುದನ್ನು ಆಕೆಯೊಡನೆ ಕುಳಿತು ಯೋಚಿಸಿರಿ. ಆಕೆಯ ಬೆನ್ನ ಹಿಂದೆ ನಿರ್ಧರಿಸಬೇಡಿರಿ.

ಆಶಾ ಕಾರ್ಯಕರ್ತೆಯರೇ, ಇಂತಹವರೊಡನೆ ಏಕಾಂತದಲ್ಲಿ ಮಾತನಾಡಿರಿ. ಹೆಸರು ಯಾರದೆಂದು ಕೆದಕದೆ, ಕೇಳಿದ್ದನ್ನು ಊರಿನಲ್ಲಿ ಹರಡದೆ, ಮೊದಲು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿಂದ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಲ್ಲಿಯೋ ಟಮಕದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೋ ಚರ್ಮ ತಜ್ಞರ ಸಲಹೆ ಪಡೆಯಬಹುದು. ಲೇಸರ್ ಸೌಲಭ್ಯ ಎಲ್ಲಿದೆ, ಖರ್ಚೆಷ್ಟು ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿರಿ. ಊಟ ನಿದ್ರೆ ಬಿಟ್ಟು ಕೊರಗುವವರು, ಬದುಕು ಬೇಡವೆಂದು ಮಾತನಾಡುವವರು ಕಂಡರೆ ತಡಮಾಡಬಾರದು. ಅಂಥವರನ್ನು ಒಂಟಿಯಾಗಿ ಬಿಡಲೂಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಹಚ್ಚೆ ಹಾಕಿಸಿಕೊಂಡದ್ದು ಅಪರಾಧವಲ್ಲ. ಅಳಿಸಿಕೊಳ್ಳಬೇಕೆನ್ನುವುದು ಚಂಚಲತೆಯೂ ಅಲ್ಲ. ಮನುಷ್ಯನ ಮನಸ್ಸು ಬೆಳೆಯುತ್ತದೆ. ಚರ್ಮದ ಗುರುತು ಅದರೊಡನೆ ಬೆಳೆಯಲಾರದು. ಈ ಅಂತರವನ್ನು ಸಹಾನುಭೂತಿಯಿಂದ ಅರಿತುಕೊಂಡು, ನಿಮ್ಮ ಮನೆಯಲ್ಲಿ ಕೈ ಮುಚ್ಚಿಕೊಂಡು ಓಡಾಡುವ ಮಕ್ಕಳಿದ್ದರೆ ಇಂದೇ ಹತ್ತಿರ ಕೂರಿಸಿಕೊಂಡು ಅವರ ಮಾತನ್ನು ಕೇಳಿರೆಂದು ಪ್ರಾರ್ಥಿಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.